ಗುತ್ತೆಪ್ಪನ ಬೋಳಕ್ಷರ

ಹರಿಹರದ ಗುತ್ತೆಪ್ಪನಿಗೆ ಯಾರನ್ನು ಕಂಡರೂ ತಾತ್ಸಾರ. ದಾವಣಗೆರೆಯ ಪ್ರೆಸ್ಸೊಂದರಲ್ಲಿ ಮೂವತ್ತೈದು ವರ್ಷ ಅಚ್ಚಿನ ಮೊಳೆ ಜೋಡಿಸಿದ ಮನುಷ್ಯ. ತಪ್ಪುತಪ್ಪಾಗಿ ಬರೆದುಕೊಂಡು ಬರುವ ಮೇಷ್ಟ್ರು, ತನ್ನ ಹೆಸರೇ ದಪ್ಪಗೆ ಬರಲಿ ಎನ್ನುವ ಮುಖಂಡ, ಅಕ್ಷರಕ್ಕೆ ಬಳ್ಳಿ ಬಾಲ ಬೇಡುವ ಜವಳಿ ಸಾಹುಕಾರ, ಎಲ್ಲರೂ ಅವನ ಪಾಲಿಗೆ ಕತ್ತೆಗಳೇ. ನಿಜ ಹೇಳಬೇಕೆಂದರೆ, ಅವನ ಎಣಿಕೆ ಬಹುಪಾಲು ಸರಿಯಾಗಿಯೇ ಇತ್ತು.

ಅವನು ಮರ್ಯಾದೆ ಕೊಟ್ಟದ್ದು ಒಂದಕ್ಕೇ. ಅದು ಅರವತ್ನಾಲ್ಕನೇ ಇಸವಿಯಲ್ಲಿ ತೇಗದ ತುಂಡುಗಳ ಮೇಲೆ ತಾನೇ ಕೆತ್ತಿದ ಬೋಳಕ್ಷರ. ನಾಟಕ ಕಂಪನಿಯ ಪೋಸ್ಟರನ್ನು ಓಡುವ ಬಸ್ಸಿನಿಂದಲೂ ಓದಲು ಬರಬೇಕೆಂದು ಕೆತ್ತಿದ್ದು. ದಪ್ಪ ಸಣ್ಣ ಎಂಬ ಭೇದವಿಲ್ಲ, ತುದಿಗೆ ಕೊಕ್ಕೆಯಿಲ್ಲ; ಮೊದಲಿನಿಂದ ಕೊನೆಯವರೆಗೆ ಒಂದೇ ಗಾತ್ರದ ಗೆರೆ. “ಇದೇನೋ ಗುತ್ತೆಪ್ಪ, ಅಕ್ಷರಕ್ಕೂ ತಲೆ ಬೋಳಿಸೀಯಲ್ಲ” ಎಂದು ಪ್ರೆಸ್ಸಿನ ಮಾಲೀಕ ಕರಿಬಸವರಾಜ ಮೂಗು ಮುರಿದಿದ್ದ. ಮಾಯಕೊಂಡದಿಂದ ಮಲೆಬೆನ್ನೂರಿನವರೆಗೆ ಗೋಡೆಗೋಡೆಯ ಮೇಲೂ ಅದೇ ಅಕ್ಷರ ಕೂತ ಮೇಲೆ ತೆಪ್ಪಗಾದ.

ತೊಂಬತ್ತೇಳರಲ್ಲಿ ಪ್ರೆಸ್ಸು ಮುಚ್ಚಿತು. ಮೆಷಿನ್ನು ಗುಜರಿಗೆ ಹೋದಾಗ ಗುತ್ತೆಪ್ಪ ತಿರುಗಿಯೂ ನೋಡಲಿಲ್ಲ. ತಾನು ಕೆತ್ತಿದ ಮರದ ಮೊಳೆಗಳ ಪೆಟ್ಟಿಗೆಯ ಧೂಳನ್ನು ಮಾತ್ರ ಪಂಚೆಯ ಅಂಚಿನಿಂದ ಒರೆಸಿದ. ತಾನು ಸತ್ತ ಮೇಲೂ ಆ ಅಕ್ಷರ ಗೋಡೆಯ ಮೇಲಿರಬೇಕು ಎಂಬುದೊಂದೇ ಅವನ ಆಸೆ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವಷ್ಟು ಯೋಗ್ಯರು ಅವನಿಗೆ ಯಾರೂ ಸಿಕ್ಕಿರಲಿಲ್ಲ.

ಪೆಟ್ಟಿಗೆ ಒಯ್ದವನು ಆನೆಕೊಂಡದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ರವಿಚಂದ್ರ. ಒಂದೊಂದೇ ಮೊಳೆಯನ್ನು ಸ್ಕ್ಯಾನರಿನ ಮೇಲೆ ಬೋರಲು ಹಾಕಿ, ಅಂಚನ್ನು ಚಾಚೂ ತಪ್ಪದೆ ಎಳೆದು, ಎಂಟು ತಿಂಗಳಲ್ಲಿ ಅಕ್ಷರಮಾಲೆಯನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ. ಆಮೇಲೆ ಗುತ್ತೆಪ್ಪನಿಗೆ ಹೇಳಿಕಳಿಸಿದ.

“ಬರ್ರಿ ಗುತ್ತೆಪ್ಪಣ್ಣ, ಕೂಡ್ರಿ. ಈ ಅಕ್ಷರಕ್ಕ ನಿಮ್ಮ ಹೆಸರೇ ಇಟ್ಟೀನಿ. ಹೆಂಗೈತೆ ನೋಡ್ರಿ, ತಪ್ಪಿದ್ರೆ ಹೇಳ್ರಿ.”

ಗುತ್ತೆಪ್ಪ ಅವನು ಕೊಟ್ಟ ಪ್ರಿಂಟಿನ ಹಾಳೆ ನೋಡಿದ. ಎರಡು ಗೆರೆ ಕೂಡುವ ಮೂಲೆಯಲ್ಲೆಲ್ಲ ಸಣ್ಣ ಕಚ್ಚು. ಮರದಲ್ಲಿ ಆ ಕಚ್ಚು ಹಾಕಿದವನು ಅವನೇ. ಕರಿಬಸವರಾಜ ತರಿಸುತ್ತಿದ್ದ ಅಗ್ಗದ ಮಸಿ ಕಾಗದದ ಮೇಲೆ ಹರಡುತ್ತಿತ್ತು. ಮೂಲೆಯಲ್ಲಿ ಗಡ್ಡೆ ಕಟ್ಟದಿರಲೆಂದು ಅಷ್ಟು ಮರ ತೆಗೆದಿದ್ದ. ಅಚ್ಚಾಗುವಾಗ ಹರಡಿದ ಮಸಿ ಕಚ್ಚಿನಲ್ಲಿ ತುಂಬಿ ಮೂಲೆ ನೆಟ್ಟಗಾಗುತ್ತಿತ್ತು. ಕಂಪ್ಯೂಟರಿನ ಪ್ರಿಂಟಿನಲ್ಲಿ ಹರಡುವ ಮಸಿ ಎಲ್ಲಿಯದು? ಕಚ್ಚು ಕಚ್ಚಾಗಿಯೇ ಉಳಿದಿತ್ತು. ಒಂದು ಹಳೇ ಪೋಸ್ಟರು ಪಕ್ಕಕ್ಕಿಟ್ಟುಕೊಂಡು ನೋಡುವಷ್ಟೂ ಬುದ್ಧಿಯಿಲ್ಲದ ಗುಗ್ಗು ಅಕ್ಷರ ಮಾಡಲು ಹೊರಟಿದ್ದಾನೆ!

ಒಂದು ಮಾತು ಸಾಕಿತ್ತು, ಹೇಳಲಿಲ್ಲ. ಮೂವತ್ತೈದು ವರ್ಷದ ಕಸುಬನ್ನು ಗುಂಡಿ ಒತ್ತುವವನಿಗೆ ಕಲಿಸುವುದು ಅವನಿಗೆ ಕೀಳೆನಿಸಿತು. ನಾಲ್ಕು ಜನ ಮುಖಕ್ಕೆ ಉಗಿದ ಮೇಲೆ ತಾನೇ ಬಂದು ಕಾಲು ಹಿಡಿಯುತ್ತಾನೆ ಎಂದುಕೊಂಡು ಜೋರಾಗಿ ನಕ್ಕ. ಚಹಾ ಕುಡಿದು ಹರಿಹರದ ಬಸ್ಸು ಹತ್ತಿದ.

ಯಾರೂ ಉಗಿಯಲಿಲ್ಲ, ಕಾಲು ಹಿಡಿಯಲು ಯಾರೂ ಬರಲಿಲ್ಲ. ತೊಂಬತ್ತೊಂಬತ್ತರ ಚುನಾವಣೆ ಹೊತ್ತಿಗೆ ಹರಿಹರದ ಬಸ್ ನಿಲ್ದಾಣದ ಗೋಡೆಯ ಮೇಲೆ ಗೇಣುದ್ದದ ಬೋಳಕ್ಷರ ಮೆರೆಯುತ್ತಿತ್ತು. ಹೆಂಡತಿ ಮೈಲಮ್ಮ ಕೈಚೀಲ ಕೆಳಗಿಟ್ಟು ನೋಡಿದಳು.

“ಇದು ನಿಮ್ಮ ಅಕ್ಷರ ಅಲ್ಲೇನ್ರಿ? ಯಾಕ ಮೂಲಿ ಮೂಲಿ ಇಲಿ ಕಡಿದಂಗೈತೆ?”

ಮಾರನೆಯ ದಿನ ಗುತ್ತೆಪ್ಪ ರವಿಚಂದ್ರನ ಅಂಗಡಿಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಒಬ್ಬರನ್ನು ಬೇಡಿಕೊಂಡ. “ಆ ಕಚ್ಚು ಮುಚ್ಚಪ್ಪ. ಅದು ಅಕ್ಷರದ ಭಾಗ ಅಲ್ಲ, ಮಸಿ ತುಂಬ್ಲಿ ಅಂತ ಮಾಡಿದ್ದು.”

ರವಿಚಂದ್ರನ ಮುಖ ಇಳಿದುಹೋಯಿತು. “ನನ್ನ ಕಂಪ್ಯೂಟರ್‌ನಾಗೆ ಮುಚ್ತೀನ್ರಿ. ಆದ್ರೆ ಹುಬ್ಬಳ್ಳಿ, ಶಿವಮೊಗ್ಗ, ಚಿತ್ರದುರ್ಗ, ಎಲ್ಲಾ ಕಡೆ ಫ್ಲಾಪಿ ಹೋಗ್ಯಾವೆ. ಒಬ್ಬರ ಹತ್ರ ಒಬ್ಬರು ಕಾಪಿ ಮಾಡ್ಕಂಡಾರ. ಈಗ ಯಾರ್ಯಾರ ಹತ್ರ ಐತೋ ನನಗೇ ಗೊತ್ತಿಲ್ಲ.”

ಗುತ್ತೆಪ್ಪನ ಕಡೆಗೆ ಕುರ್ಚಿ ಸರಿಸಿ ಹೇಳಿದ, “ಅವತ್ತು ನೋಡಿ ಅಷ್ಟು ನಕ್ಕಿರಲ್ಲಣ್ಣ. ನಿಮಗ ಖುಷಿ ಆತು ಅಂತ ತಿಳ್ಕಂಡು ಅವತ್ತೇ ಕಳಿಸಿಬಿಟ್ಟೆ.”