ನೀರು ಕೇಳದ ಗಿಡ

ನನ್ನ ನರ್ಸರಿ ಇರುವುದು ಮಲವಗೊಪ್ಪದಲ್ಲಿ, ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯ ಮಗ್ಗುಲಲ್ಲೇ. ಈ ಧನಲಕ್ಷ್ಮಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಈ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಗಿಡ ಕೊಂಡುಹೋದವರು ತಿಂಗಳೊಪ್ಪತ್ತಿನಲ್ಲಿ ಒಣಗಿದ ಕಡ್ಡಿ ಹಿಡಿದುಕೊಂಡು ಬಂದು, ದಿನಾ ನೀರು ಹಾಕಿದರೂ ಸತ್ತುಹೋಯಿತು ಅಂದರೆ ನನಗೆ ಮೈ ಉರಿಯುತ್ತದೆ. ಹಾಕಿದರೂ ಅಲ್ಲ, ಹಾಕಿದ್ದಕ್ಕೇ ಸತ್ತದ್ದು. ನೀರು ಸುರಿಯುವುದೊಂದೇ ಪ್ರೀತಿ ಅಂದುಕೊಂಡ ಜನಕ್ಕೆ ಗಿಡ ಮಾರುವುದೇ ಬೇಡ ಅನ್ನಿಸಿಬಿಡುತ್ತದೆ. ಈ ವಿಚಾರದಲ್ಲಿ ನನ್ನಿಂದ ಎಲ್ಲರಿಗಿಂತ ಜಾಸ್ತಿ ಬೈಸಿಕೊಂಡವರು ರಸೂಲ್ ಸಾಬರು. ಬೈಸಿಕೊಳ್ಳಬಾರದಾಗಿದ್ದವರೂ ಅವರೇ.

ರಸೂಲ್ ಸಾಬರು ಭದ್ರಾವತಿಯವರು. ಬಹಳ ವರ್ಷ ಲಾರಿ ಓಡಿಸಿದರು. ಕಬ್ಬು, ಅಡಿಕೆ, ಕಾರ್ಖಾನೆಯ ಸಾಮಾನು, ಹೇರದ್ದು ಯಾವುದೂ ಇಲ್ಲ. ಸೊಂಟ ಕೈಕೊಟ್ಟ ಮೇಲೆ ಒಂದು ಹಳೆಯ ವ್ಯಾನ್ ತೆಗೆದುಕೊಂಡು ಶಿವಮೊಗ್ಗದ ಬೇಕರಿಯ ಬ್ರೆಡ್ಡು, ಬನ್ನು ತುಂಬಿಕೊಂಡು ಬೆಳಿಗ್ಗೆ ಭದ್ರಾವತಿಯ ಅಂಗಡಿಗಳಿಗೆ ಹಾಕುವ ಕೆಲಸ ಹಿಡಿದರು. ಅವರು ಹಾರನ್ ಹೊಡೆದದ್ದನ್ನು ನಾನು ಕೇಳಿಲ್ಲ. ದನ ಅಡ್ಡ ಬಂದರೆ ಅದು ಏಳುವವರೆಗೆ ಕಾಯುವ ಮನುಷ್ಯ. ಹೆಂಡತಿ ರೋಶನ್ ಬೀ ಇದಕ್ಕೆ ಪೂರಾ ಉಲ್ಟಾ. ಇಬ್ಬರ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು.

ಆಕೆಯ ಕಿಡ್ನಿ ಹಾಳಾದ ಮೇಲೆ ನನಗೆ ಅವರಿಬ್ಬರ ಪರಿಚಯವಾದದ್ದು. ರಕ್ತ ಶುದ್ಧಿ ಮಾಡಿಸಲು ವಾರಕ್ಕೆರಡು ಸಲ ಶಿವಮೊಗ್ಗದ ಆಸ್ಪತ್ರೆಗೆ ಹೋಗಬೇಕಿತ್ತು. ವಾಪಸು ಬರುವಾಗ ಆಕೆಗೆ ತಲೆ ಸುತ್ತು, ವಾಂತಿ. ಸ್ವಲ್ಪ ಹೊತ್ತು ನೆರಳಿನಲ್ಲಿ ಕೂರಲಿ ಎಂದು ಒಂದು ದಿನ ನನ್ನ ಹಸಿರು ಬಲೆಯ ಚಪ್ಪರದ ಕೆಳಗೆ ವ್ಯಾನ್ ನಿಲ್ಲಿಸಿದರು. ಆಮೇಲೆ ಅದೇ ಅಭ್ಯಾಸವಾಯಿತು. ನಾನು ಮೊದಲ ದಿನ ಎಲ್ಲರಿಗೂ ಕೊಡುವಂತೆ ಒಂದು ಚೊಂಬು ನೀರು ತಂದುಕೊಟ್ಟೆ. ರೋಶನ್ ಬೀ ಕೈ ಚಾಚಿದರು. ಸಾಬರು ಮೆಲ್ಲಗೆ ಚೊಂಬನ್ನು ನನ್ನ ಕೈಗೇ ವಾಪಸು ಕೊಟ್ಟರು.

ಆಕೆ ನೀರು ಕುಡಿಯುವ ಹಾಗಿರಲಿಲ್ಲ. ಕುಡಿದದ್ದು ಹೊರಗೆ ಹೋಗುವುದಿಲ್ಲ, ಎದೆಗೆ ಬಂದು ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಒಂದು ಪುಟ್ಟ ಸ್ಟೀಲ್ ಲೋಟವಿತ್ತು. ಅದರಲ್ಲಿ ಇಷ್ಟಿಷ್ಟೇ, ಇಡೀ ದಿನಕ್ಕೆ. ಅಳತೆ ಮಾಡಿ ಕೊಡುವವರು ಸಾಬರು, ಇನ್ನೊಂದು ಗುಟುಕು ಅಂದರೆ ಇಲ್ಲ ಅನ್ನುವವರೂ ಸಾಬರೇ. ಇನ್ನೊಂದು ವಿಷಯ ನಾನು ಗಮನಿಸಿದ್ದೆ. ಎಂಥ ಬಿಸಿಲಿದ್ದರೂ ಆ ಮನುಷ್ಯ ನಮ್ಮಲ್ಲಿ ನೀರು ಮುಟ್ಟುತ್ತಿರಲಿಲ್ಲ. ಅವಳೆದುರಿಗೆ ಹೇಗೆ ಕುಡೀಲಿ ಎಂದು ಒಂದು ಸಲ ನನಗೊಬ್ಬಳಿಗೇ ಕೇಳುವಂತೆ ಹೇಳಿದರು. ಅವರೂ ಅದೇ ಲೋಟದಲ್ಲಿ ಅಷ್ಟಷ್ಟೇ ಕುಡಿಯುತ್ತಿದ್ದರು.

ಆ ಬೇಸಿಗೆಯಲ್ಲಿ ನನ್ನ ಬೋರ್‌ವೆಲ್ ಕೆಟ್ಟು ಗಿಡಗಳೆಲ್ಲ ತಲೆ ಬಗ್ಗಿಸಿದ್ದವು. ಮೂಲೆಯಲ್ಲಿ ಕರಿ ಪ್ಲಾಸ್ಟಿಕ್ ಚೀಲದಲ್ಲಿದ್ದ ಒಂದು ಪೊದೆ ಮಾತ್ರ ಏನೂ ಆಗಿಲ್ಲದಂತೆ ನಿಂತಿತ್ತು. ಅದು ಸುಮಾಕ್ ಎಂಬ ಕಾಡುಪೊದೆಯ ಜಾತಿಯದು. ಚಿತ್ರದುರ್ಗದ ಕಡೆ ಕಲ್ಲುಗುಡ್ಡದಲ್ಲಿ ತಾನಾಗಿ ಬೆಳೆಯುತ್ತದೆ, ನವುಲೆಯ ಕೃಷಿ ಕಾಲೇಜಿನವರೊಬ್ಬರು ಅಂದಕ್ಕೆ ಇಡಬಹುದು ಎಂದು ಒಂದಿಷ್ಟು ಸಸಿ ಕೊಟ್ಟಿದ್ದರು. ಮೂರು ಮೂರಾಗಿ ಸಣ್ಣ ಎಲೆ, ಕತ್ತರಿಸಿದಷ್ಟೂ ದಟ್ಟವಾಗುವ ರೆಂಬೆ, ಚಿಗುರಿನಲ್ಲಿ ಒಂದು ಕೆಂಪು. ಹೂವು ದೊಡ್ಡದಿಲ್ಲವಲ್ಲ, ಹಾಗಾಗಿ ಅದನ್ನು ಕೇಳುವವರೇ ಇರಲಿಲ್ಲ.

ರೋಶನ್ ಬೀ ಕೇಳಿದರು. ಇದಕ್ಕೆ ಮಾತ್ರ ನೀರು ಹಾಕಿದ್ದೀಯಾ ಎಂದರು. ಇದಕ್ಕೆ ಹಾಕಿದರೇ ತೊಂದರೆ, ಬೇರು ಕೊಳೆಯುತ್ತದೆ, ಅದು ನೀರು ಕೇಳುವ ಗಿಡವೇ ಅಲ್ಲ ಎಂದೆ. ಆಕೆ ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿ ಮೂಸಿದರು. ಆಮೇಲೆ ಗಂಡನ ಕಡೆ ತಿರುಗಿ ನಗುತ್ತಲೇ ಹೇಳಿದರು: "ನೋಡ್ರಿ, ನನ್ನ ಮೇಲೆ ಇದನ್ನೇ ಹಾಕಿ. ನನ್ನ ಹಾಗೇ ಇದೆ ಇದು. ಯಾರೂ ನೀರು ಹೊರೋದು ಬೇಡ." ಸಾಬರು ವ್ಯಾನಿನ ಚಕ್ರ ಒದ್ದು ನೋಡುವ ನೆಪದಲ್ಲಿ ಆಚೆ ಹೋದರು.

ಅವರಲ್ಲಿ ಗೋರಿಯ ಮೇಲೆ ಒಂದು ಹಸಿರು ನೆಡುವ ರೂಢಿ ಇದೆ. ಅದು ಹಸಿರಾಗಿರುವಷ್ಟು ದಿನ ದೇವರ ಹೆಸರು ಹೇಳುತ್ತಿರುತ್ತದೆ, ಒಳಗಿರುವವರಿಗೆ ಅಷ್ಟರಮಟ್ಟಿಗೆ ಹಗುರ ಎಂಬ ನಂಬಿಕೆ. ಮಳೆಗಾಲ ಮುಗಿಯುತ್ತಿದ್ದಂತೆ ರೋಶನ್ ಬೀ ಹೋಗಿಬಿಟ್ಟರು. ಮೂರನೆಯ ದಿನ ಸಾಬರು ಬಂದು ಮೂಲೆಯ ಆ ಚೀಲದ ಎದುರು ನಿಂತರು. ನಾನು ಜಲ್ಲಿಪುಡಿ, ಮೊರಂಬು ಮಣ್ಣು ಒಂದು ಚೀಲ ಕೊಟ್ಟು, ನೆಟ್ಟ ದಿನ ಒಂದು ಚೊಂಬು, ಬೇರು ಹಿಡಿಯುವವರೆಗೆ ಅಪರೂಪಕ್ಕೊಮ್ಮೆ, ಆಮೇಲೆ ಮರೆತುಬಿಡಿ ಅಂದೆ. ಗೊಬ್ಬರವೂ ಬೇಡ. ಗೋರಿಯ ಮಣ್ಣು ದಿಬ್ಬವಾಗಿರುವುದರಿಂದ ಮಳೆನೀರು ನಿಲ್ಲುವುದಿಲ್ಲ, ಆ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು ಅಂದೆ.

ಚಳಿಗಾಲ ಕಳೆದು ಶಿವರಾತ್ರಿಯ ಹೊತ್ತಿಗೆ ಸಾಬರು ಒಂದು ರೆಂಬೆ ತಂದರು. ಎಲೆ ಹಳದಿಯಾಗಿ ಮುಟ್ಟಿದರೆ ಉದುರುತ್ತಿತ್ತು. ಬುಡದ ಸಿಪ್ಪೆ ಕಪ್ಪಾಗಿ ಸುಲಿಯುತ್ತಿದೆ ಎಂದರು. ನನಗೆ ಕೂಡಲೇ ಗೊತ್ತಾಯಿತು. ಯಾರು ನೀರು ಹಾಕುತ್ತಿರುವುದು ಎಂದು ಕೇಳಿದೆ. ಉತ್ತರಕ್ಕೆ ಕಾಯದೆ ಬಾಯಿಗೆ ಬಂದ ಹಾಗೆ ಬೈದೆ. ಇಷ್ಟು ಹೇಳಿ ಕೊಟ್ಟರೂ ತಲೆಗೆ ಹೋಗಲಿಲ್ಲವಾ ಮಾರಾಯ್ರೆ, ಆಕೆ ಆಸೆಪಟ್ಟು ಆರಿಸಿದ ಗಿಡವನ್ನು ಕೈಯಾರೆ ಕೊಲ್ಲುತ್ತಿದ್ದೀರಲ್ಲ ಎಂದೆ.

ಎಲ್ಲ ಕೇಳಿಸಿಕೊಂಡು ಅವರು ವ್ಯಾನಿನಿಂದ ಒಂದು ಕ್ಯಾನ್ ತೆಗೆದು ನನ್ನ ಮುಂದಿಟ್ಟರು. ತುಂಬ ನೀರಿತ್ತು. ಮಗಳು ಇರಂ ಕಳಿಸುವುದು ಎಂದರು.

ಇರಂ ಅವರ ಒಬ್ಬಳೇ ಮಗಳು, ಶಿವಮೊಗ್ಗದಲ್ಲಿ ಸ್ಪೇರ್‌ಪಾರ್ಟ್ಸ್ ಅಂಗಡಿಯವರ ಸೊಸೆ. ತಾಯಿ ಕೊನೆಯ ದಿನ ಆಸ್ಪತ್ರೆಯಲ್ಲಿ ಅವಳ ಸೆರಗು ಹಿಡಿದು ನೀರು ಕೇಳಿದ್ದರಂತೆ. ಅವಳು ಅಪ್ಪನ ಮುಖ ನೋಡಿದಳಂತೆ, ಅವರು ಬೇಡ ಎಂದು ತಲೆಯಾಡಿಸಿದರಂತೆ. ಅವರ ಕಡೆ ಹೆಂಗಸರು ಖಬರಸ್ತಾನದ ಒಳಗೆ ಹೋಗುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಅಪ್ಪ ಬ್ರೆಡ್ಡು ತುಂಬಿಸುವ ಹೊತ್ತಿಗೆ ಕ್ಯಾನ್ ತಂದು ವ್ಯಾನಿನಲ್ಲಿಡುತ್ತಾಳೆ, ಅಮ್ಮನ ಮೇಲೆ ಹಾಕಿ ಬನ್ನಿ ಎಂದು. ಗೋರಿಗೆ ನೀರು ಹಾಕುವುದು ಅವರಲ್ಲಿ ಪುಣ್ಯದ ಕೆಲಸವೇ. ಸಾಬರು ದಿನಾ ಹಾಕಿದ್ದಾರೆ. ಹರಿದುಹೋಗದಿರಲಿ ಎಂದು ಗಿಡದ ಸುತ್ತ ಪಾತಿ ಬೇರೆ ಕಟ್ಟಿದ್ದಾರೆ. ಇನ್ನು ಆ ಬೇರು ಏನು ಮಾಡಬೇಕು?

ಮಗಳಿಗೆ ಹೇಳಿ, ನಿಲ್ಲಿಸಲಿ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ನನ್ನ ಕೋಪವೆಲ್ಲ ಇಳಿದುಹೋಯಿತು. "ಅವಳಿಗೆ ಇನ್ನೊಂದ್ಸಲ ನಾನು ಬೇಡ ಅನ್ಲಾ, ಧನಲಕ್ಷ್ಮಮ್ಮ?" ಎಂದರು.

ಹಾಕಿದರೆ ಗಿಡ ಸಾಯುತ್ತದೆ, ಸತ್ತರೆ ಒಳಗಿರುವವರಿಗೆ ಆ ಹಸಿರಿನ ಆಸರೆ ಇಲ್ಲ. ಹಾಕದಿದ್ದರೆ ಮಗಳಿಗೆ ಮೋಸ. ನನಗೆ ಗಿಡದ ಔಷಧಿ ಮಾತ್ರ ಗೊತ್ತಿತ್ತು, ಅದನ್ನು ಹೇಳಿದೆ. ಪಾತಿ ಒಡೆಯಿರಿ, ಬುಡದ ಒದ್ದೆ ಮಣ್ಣು ಕೆರೆದು ಬೇರಿನ ಕುತ್ತಿಗೆಗೆ ಗಾಳಿ ಬಿಸಿಲು ತಾಕುವ ಹಾಗೆ ಬಿಡಿ, ಕಪ್ಪಾದ ರೆಂಬೆ ಕತ್ತರಿಸಿ, ಜಲ್ಲಿಪುಡಿ ತುಂಬಿ. ಮುಂಗಾರಿನವರೆಗೆ ಒಂದು ತೊಟ್ಟೂ ಬೀಳಬಾರದು. ಉಳಿಯುತ್ತದೆ ಎಂದು ಮಾತ್ರ ನಾನು ಹೇಳಲಿಲ್ಲ.

ಅವರು ಹಾಗೆಯೇ ಮಾಡಿದರು. ಕ್ಯಾನ್ ಬರುತ್ತಲೇ ಇತ್ತು. ಆ ನೀರನ್ನು ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ. ಮಗಳು ಅಮ್ಮನಿಗೆಂದು ಕೊಟ್ಟದ್ದನ್ನು ಚರಂಡಿಗೆ ಚೆಲ್ಲಲು ಕೈ ಬರುವುದಿಲ್ಲ ಎಂದರು. ಖಬರಸ್ತಾನದ ಮೂಲೆಯಲ್ಲಿ ಹೆಸರಿಲ್ಲದ ಒಂದು ಗೋರಿ ಇದೆಯಂತೆ. ಯಾವುದೋ ಊರಿನ ಲಾರಿ ಕ್ಲೀನರ್, ಅಪಘಾತದಲ್ಲಿ ಹೋದವನು, ಹುಡುಕಿಕೊಂಡು ಯಾರೂ ಬಂದಿಲ್ಲ. ದಿನಾ ಅವನ ಮೇಲೆ ಹಾಕಿ ಬರುತ್ತಿದ್ದರು. ಅಲ್ಲಿ ಗರಿಕೆ ಸೊಂಪಾಗಿ ಬಂದಿದೆ ಎಂದು ಹೇಳುವಾಗ ಅವರಿಗೆ ಸಂತೋಷವೂ ಇತ್ತು, ಕಳ್ಳತನ ಮಾಡಿದವರ ಅಳುಕೂ ಇತ್ತು.

ಇಂಥದು ಎಷ್ಟು ದಿನ ಮುಚ್ಚಿಟ್ಟರೆ ಮುಚ್ಚಿರುತ್ತದೆ? ಇರಂಳ ಮೈದುನ ವಸೀಂ ಯಾರನ್ನೋ ಮಣ್ಣು ಮಾಡಲು ಹೋದವನು ಕಣ್ಣಾರೆ ನೋಡಿ ಬಂದು ಅತ್ತಿಗೆಗೆ ಹೇಳಿದ. ಮಾರನೆಯ ಬೆಳಿಗ್ಗೆ ಅವಳು ಕ್ಯಾನ್ ಮಡಿಲಲ್ಲಿಟ್ಟುಕೊಂಡು ವ್ಯಾನಿನಲ್ಲೇ ಕೂತುಬಿಟ್ಟಳು. ಒಳಗೆ ಬರುವ ಹಾಗಿಲ್ಲದಿದ್ದರೆ ಬಾಗಿಲಲ್ಲಿ ನಿಂತು ನೀವು ಹಾಕುವುದನ್ನು ನೋಡುತ್ತೇನೆ ಎಂದು ಹಟ. ಸಾಬರಿಗೆ ದಿಕ್ಕು ತೋಚದೆ ದಾರಿಯಲ್ಲಿ ನಮ್ಮಲ್ಲಿ ನಿಲ್ಲಿಸಿದರು. ಮೇ ತಿಂಗಳ ಬಿಸಿಲು, ಬೆಳಿಗ್ಗೆಯೇ ಸುಡುತ್ತಿತ್ತು.

ಇಬ್ಬರೂ ಇಳಿದು ತಮ್ಮ ಮಾತಿನಲ್ಲಿ ಸ್ವಲ್ಪ ಹೊತ್ತು ವಾದ ಮಾಡಿದರು. ಆಮೇಲೆ ಅವಳು ನನಗೂ ಕೇಳಲಿ ಎಂದೋ ಏನೋ ಕನ್ನಡದಲ್ಲೇ ಹೇಳಿದಳು: "ಬದುಕಿದ್ದಾಗ್ಲೂ ಅಮ್ಮೀಗೆ ನೀರು ಕೊಡ್ಲಿಲ್ಲ. ಮಣ್ಣಿಗೆ ಹೋದ್ಮೇಲೂ ಕೊಡ್ತಿಲ್ಲ. ಇನ್ಯಾರಿಗೋ ಹಾಕ್ತಾರೆ." ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸುತ್ತಿದ್ದೆ.

ಆ ಪೊದೆಯನ್ನು ಆರಿಸಿದ್ದು ಅಮ್ಮನೇ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಹೇಳಲು ಸಾಬರಿಗೆ ಬಾಯಿ ಎಲ್ಲಿದೆ? ನಾನೇ ಹೇಳಿದೆ. ಇದೇ ಚಪ್ಪರದ ಕೆಳಗೆ ಕೂತು, ಎಲೆ ಮೂಸಿ, ಯಾರೂ ನೀರು ಹೊರೋದು ಬೇಡ ಎಂದದ್ದನ್ನು ಆಕೆ ಅಂದ ಹಾಗೆಯೇ ಹೇಳಿದೆ. ದಿನಾ ಹಾಕಿದ ನೀರಿಗೆ ಬೇರು ಕೊಳೆತದ್ದನ್ನೂ ಹೇಳಿದೆ. ಅವಳು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಸಾಬರು ಅಂಗಿಯ ಜೇಬಿನಿಂದ ಒಂದು ಸಣ್ಣ ರೆಂಬೆ ತೆಗೆದರು. ನನಗೆ ತೋರಿಸಲು ಹಿಂದಿನ ದಿನವೇ ಕತ್ತರಿಸಿಟ್ಟಿದ್ದು. ತುದಿಯಲ್ಲಿ ಉಗುರಿನಷ್ಟು ಕೆಂಪು ಚಿಗುರು ಇತ್ತು. ಅದನ್ನು ಮಗಳ ಕೈಯಲ್ಲಿಟ್ಟರು. ಅಷ್ಟು ಉದ್ದದ ಮಾತನ್ನು ಅವರು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಅವಳು ಕೇಳಿದಾಗೆಲ್ಲ ಇಲ್ಲ ಅಂದೋನು ನಾನೇ. ಬದುಕ್ಲಿ ಅಂತ ಅಂದೆ, ಬದುಕ್ಲಿಲ್ಲ. ಇದಕ್ಕೂ ಇಲ್ಲ ಅಂದೆ. ಇದು ಬದುಕ್ತು ಕಣಮ್ಮ."

ಇರಂ ಎಲೆ ಮೂಸಿದಳು. ಹಾಗೆಯೇ ರೆಂಬೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ನಾನು ಒಳಗೆ ಹೋಗಿ, ಎಂದಿನಂತೆ ಒಂದು ಚೊಂಬು ನೀರು ತಂದೆ. ಸಾಬರು ಎಂದಿನಂತೆ ಬೇಡ ಎಂದರು. ಆಗ ನನಗೆ ತಡೆಯಲಾಗಲಿಲ್ಲ. ನಿನ್ನಪ್ಪ ಇವತ್ತಿಗೂ ಅಮ್ಮನ ಲೋಟದ ಅಳತೆಯಲ್ಲೇ ಕುಡಿಯುವುದು, ಬೇಕಾದರೆ ವ್ಯಾನಿನಲ್ಲಿ ನೋಡು ಎಂದು ಅವಳಿಗೆ ಹೇಳಿಬಿಟ್ಟೆ.

ಅವಳು ಹೋಗಿ ನೋಡಿದಳು. ಸ್ಟೇರಿಂಗ್ ಪಕ್ಕದಲ್ಲಿ ಆ ಪುಟ್ಟ ಸ್ಟೀಲ್ ಲೋಟವಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಕ್ಯಾನಿನ ಮುಚ್ಚಳ ತೆಗೆದು ಅಪ್ಪನ ಎದುರು ಬಂದು ನಿಂತಳು.

"ಬೊಗಸೆ ಹಿಡೀರಿ, ಅಬ್ಬಾ."

ಅವರು ಹಿಂಜರಿದರು. ಅವಳು ಇನ್ನೊಮ್ಮೆ ಹೇಳಿದ ಮೇಲೆ ಎರಡೂ ಕೈ ಸೇರಿಸಿ ಬಗ್ಗಿದರು. ಅವಳು ಸುರಿಯುತ್ತಾ ಹೋದಳು, ಅವರು ಕುಡಿಯುತ್ತಾ ಹೋದರು. ಗಡ್ಡ, ಅಂಗಿ ಎಲ್ಲ ನೆನೆಯಿತು. ಸಾಕು ಎಂದು ಕೈ ಅಡ್ಡ ಹಿಡಿದಾಗಲೂ ಅವಳು ಇನ್ನೊಂದು ಬೊಗಸೆ ಕುಡಿಸಿದಳು. ಕ್ಯಾನಿನಲ್ಲಿ ಅರ್ಧ ನೀರು ಉಳಿದಿತ್ತು. ಅವಳು ಅದಕ್ಕೆ ಮುಚ್ಚಳ ಹಾಕಿ ವ್ಯಾನಿನಲ್ಲಿಟ್ಟು, ಇದನ್ನು ಆ ಮೂಲೆಯವನಿಗೆ ಹಾಕಿ ಎಂದಳು.