ಅವಳು ಹತ್ತದ ಬಸ್ಸು

ಆ ಹುಡುಗಿ ನನ್ನ ಕೈ ತಳ್ಳಿದಳೋ, ಬರೀ ತಲೆಯಲ್ಲಾಡಿಸಿದಳೋ ಈಗ ಖಚಿತವಾಗಿ ಹೇಳಲಾರೆ. ಬಸ್ಸನ್ನಂತೂ ಹತ್ತಲಿಲ್ಲ.

ತೊಂಬತ್ತರ ದಶಕದ ಕೊನೆ, ಶಿವಾಜಿನಗರ ಬಸ್ ನಿಲ್ದಾಣ. ಬುದ್ಧಿಮಾಂದ್ಯ ಮಕ್ಕಳ ಶಾಲೆಯ ಬ್ಯಾಡ್ಜ್ ಧರಿಸಿದ್ದ ಅವಳು ಹಲಸೂರಿಗೆ ಹೋಗಬೇಕೆಂದಾಗ, ಹಲಸೂರು ದಾರಿಯಲ್ಲೇ ಸಿಗುತ್ತದಲ್ಲ ಎಂದು, ಬಂದು ನಿಂತ ಕೆ.ಆರ್. ಪುರದ ಬಸ್ಸಿಗೆ ನಾನೇ ಹತ್ತಿಸಲು ಹೋಗಿದ್ದೆ.

ಹಿಂದಿನಿಂದ ಬಿಳಿಕೂದಲಿನ ಹೆಂಗಸೊಬ್ಬರು ಗದರಿದರು: "ರೀ, ಬಿಡ್ರೀ ಅವಳನ್ನ! ರಿಟೈರಾದ್ಮೇಲೆ ಈ ಮಕ್ಳಿಗೆ ಓಡಾಡೋದು ಕಲಿಸ್ತಿದ್ದೀನಿ. ಇವತ್ತು ಅವಳೇ ಬಸ್ಸು ನೋಡಿ ಹತ್ತಿದ್ರೆ, ನಾಳೆಯಿಂದ ಅವರಮ್ಮ ಒಬ್ಬಳನ್ನೇ ಕಳಿಸ್ತಾರೆ. ನಿಮ್ ಸಹಾಯ ನಿಮ್ಹತ್ರಾನೇ ಇರ್ಲಿ."

ಮೂರನೆಯ ಬಸ್ಸಿಗೆ ಹುಡುಗಿ ತಾನೇ ಹತ್ತಿದಳು. ಅವಳಿಗೆ ಕಾಣದಂತೆ ಆಕೆ ಗಂಡಸರ ನಡುವೆ ನುಗ್ಗಿ ಹಿಂಬಾಗಿಲಿನಿಂದ ಹತ್ತಿಕೊಂಡರು.

ಮರುದಿನ ನಿಲ್ದಾಣದ ಕಂಟ್ರೋಲರನ್ನು ವಿಚಾರಿಸಿದೆ. ನಾನು ಹತ್ತಿಸಲು ಹೋಗಿದ್ದ ಬಸ್ಸು ಬಾಣಸವಾಡಿ ಮೇಲೆ ಹೋಗುವಂಥದು; ಹಲಸೂರಿಗೆ ಹೋಗುವುದೇ ಇಲ್ಲ.