ಬಲಕ್ಕೆ ಮಡಚಿದ ಕಾಗದ

ಹೋದ ತಿಂಗಳು ಒಂದು ಮುಂಜಾನೆ ಒಬ್ಬ ಹೆಣ್ಣುಮಗಳು ನಮ್ಮ ಮನೆಯ ಕಟ್ಟೆಗೆ ಬಂದು ನನ್ನ ಕೈಗೆ ಒಂದು ಕಾಗದ ಕೊಟ್ಟಳು. ಗಬ್ಬೂರಿನ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಊರು ಮಾನ್ವಿ ಕಡೆಯದು ಎಂದು ಹೇಳಿದಳು. ರಾಯಚೂರಿನಲ್ಲಿ ಶಿಕ್ಷಕರಿಗಾಗಿ ಭಾನುವಾರಗಳಂದು ಶಾಂತಿ ಶಿಕ್ಷಣ ಮತ್ತು ಮಾನವ ಹಕ್ಕುಗಳ ತರಗತಿ ನಡೆಯುತ್ತದೆ. ಅದಕ್ಕೆ ಸೇರಲು ಅರ್ಜಿ ಬರೆದಿದ್ದಳು.

‘ನಾನೇ ಬರದೀನ್ರಿ ಅಜ್ಜಾರ. ತಪ್ಪಿದ್ರ ತಿದ್ದಿಕೊಡ್ರಿ. ದೇವದುರ್ಗದಾಗ ಅರ್ಜಿ ಅಂದ್ರ ಎಲ್ಲಾರೂ ನಿಮ್ಮ ಮನೀನೇ ತೋರಿಸಿದ್ರು.’

ಕನ್ನಡಕ ಹಾಕಿಕೊಂಡು ಕಾಗದ ಬಿಚ್ಚಿದೆ. ಅಕ್ಷರಗಳಿಗಿಂತ ಮೊದಲು ನನಗೆ ಕಂಡದ್ದು ಮಡಿಕೆ. ಕಾಗದದ ಬಲಗಡೆ ಎರಡು ಬೆರಳಗಲ ಮಡಚಿ, ಉಗುರಿನಿಂದ ತೀಡಿ, ಮತ್ತೆ ಬಿಚ್ಚಿದ ಗೆರೆ. ಎಡಕ್ಕೆ ಅಂಚು ಬಿಡುವುದು ಲೋಕದ ಪದ್ಧತಿ. ಕನ್ನಡ ಅರ್ಜಿಯನ್ನು ಬಲಕ್ಕೆ ಮಡಚುತ್ತಿದ್ದವನು ನಮ್ಮ ಸೀಮೆಯಲ್ಲಿ ಒಬ್ಬನೇ. ಅವನು ನಾನು.

‘ಹಿಂಗ ಮಡಚಾಕ ಯಾರು ಕಲಿಸಿದ್ರವ್ವಾ?’

‘ನಮ್ಮ ಅಕ್ಕೋರು ರೀ.’

ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ಮಾನ್ವಿ ತಾಲೂಕಿನಲ್ಲಿ ಎಷ್ಟು ಜನ ಅಕ್ಕೋರು ಇದ್ದಾರೋ ಏನೋ... ಯಾವ ಅಕ್ಕೋರು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.

ಮೆಟ್ರಿಕ್ ಪಾಸಾದ ಮೇಲೆ ಮುಂದೆ ಓದಲು ಆಗದೆ ನಾನು ದೇವದುರ್ಗದ ತಾಲೂಕು ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಅರ್ಜಿ ಬರೆಯಲು ಕುಳಿತೆ. ಕೂರಿಸಿಕೊಂಡವರು ಒಬ್ಬ ಮುದುಕ ಚಾಚಾ. ನಿಜಾಮರ ಕಾಲದಲ್ಲಿ ಉರ್ದು ಅರ್ಜಿ ಬರೆದು ಕೈ ಪಳಗಿದವರು. ಉರ್ದು ಬಲದಿಂದ ಶುರುವಾಗುವುದರಿಂದ ಅವರು ಬಲಕ್ಕೇ ಅಂಚು ಬಿಡುತ್ತಿದ್ದರು. ಅದಕ್ಕೆ ಹಾಶಿಯಾ ಅನ್ನುತ್ತಿದ್ದರು. ‘ಹಾಶಿಯಾ ಬಿಡು ಬೇಟಾ. ಸಾಹೇಬರ ಕಲಮಿಗೂ ಕುಂದರಾಕ ಜಾಗ ಬೇಕಲ್ಲ’ ಎಂದು ನಗುತ್ತಿದ್ದರು. ಕನ್ನಡ ಬರೆಯುವಾಗಲೂ ನನ್ನ ಕೈ ಅದನ್ನೇ ಮಾಡಿತು. ಚಾಚಾ ಹೋದರು, ಮಡಿಕೆ ನನ್ನ ಕೈಯಲ್ಲಿ ಉಳಿಯಿತು.

ಅವರು ಇನ್ನೊಂದು ಮಾತನ್ನೂ ಕಲಿಸಿದ್ದರು. ಬರೆಯುವವನು ಬರೀ ಕೈ, ಬಾಯಿ ಬರೆಸುವವನದು. ಈ ಮಾತನ್ನು ನಾನು ಬೇಕಾದಷ್ಟು ದುಡಿಸಿಕೊಂಡೆ. ಬೆಳಿಗ್ಗೆ ಅಣ್ಣನ ಪರವಾಗಿ ತಮ್ಮನ ಮೇಲೆ, ಮಧ್ಯಾಹ್ನ ತಮ್ಮನ ಪರವಾಗಿ ಅಣ್ಣನ ಮೇಲೆ ಬರೆದಿದ್ದೇನೆ. ನಿಜವೋ ಸುಳ್ಳೋ ಎಂದು ಒಬ್ಬರನ್ನೂ ಕೇಳಿದವನಲ್ಲ.

ಅಕ್ಕೋರು ಮೊದಲು ಬಂದದ್ದು ವಿಧವಾ ವೇತನದ ಅರ್ಜಿಗಾಗಿ ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು. ಗಬ್ಬೂರಿನ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ತೆಳ್ಳಗಿನ ಆಳು, ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಯಾವಾಗಲೂ ಒಂದು ಪುಸ್ತಕ. ಬಸ್ಸು ತಪ್ಪಿದರೆ ಮರದ ಕೆಳಗೆ ಕುಳಿತು ಅದನ್ನೇ ಓದುತ್ತಿದ್ದರು. ಮುಂದೆ ಒಂದು ದಿನ ತಮ್ಮದೇ ಕೆಲಸಕ್ಕೆ ಬಂದರು. ರಾಯಚೂರಿನಲ್ಲಿ ಒಂದು ವರ್ಷದ ಕೋರ್ಸು ಶುರುವಾಗಿತ್ತು. ಜಗಳ ಹೇಗೆ ಬಗೆಹರಿಸಬೇಕು, ಮನುಷ್ಯನಿಗೆ ಹುಟ್ಟಿನಿಂದ ಬರುವ ಹಕ್ಕು ಯಾವುವು, ಅದನ್ನು ಮಕ್ಕಳಿಗೆ ಹೇಗೆ ಹೇಳಬೇಕು ಎಂದು ಶಿಕ್ಷಕರಿಗೆ ಕಲಿಸುವ ಕೋರ್ಸು. ಅಕ್ಕೋರಿಗೆ ಸೀಟು ಸಿಕ್ಕಿತ್ತು. ವಯಸ್ಸಿನ ಲೆಕ್ಕದಲ್ಲಿ ಅವರಿಗೆ ಅದೇ ಕೊನೆಯ ವರ್ಷ. ಮೇಲಿನವರ ಅನುಮತಿ ಬೇಕಿತ್ತು.

‘ನೀವೇ ಬರೀಬಹುದಲ್ರಿ ಅಕ್ಕೋರ?’ ಅಂದೆ.

‘ನನಗ ಪಾಠದ ಭಾಷಾ ಬರ್ತದ್ರಿ. ಆಫೀಸಿನ ಭಾಷಾ ನಿಮಗ ಬರ್ತದ.’

ನನಗೆ ಹೆಮ್ಮೆಯಾಯಿತು. ಬಲಕ್ಕೆ ಮಡಚಿ, ಎಲ್ಲ ಕಲೆಯನ್ನೂ ಸುರಿದು ಬರೆದು, ಕೊನೆಗೆ ‘ತಮ್ಮ ಪಾದಕ್ಕೆರಗಿ ಬೇಡಿಕೊಳ್ಳುತ್ತೇನೆ’ ಎಂದು ಮುಗಿಸಿದೆ. ಅಕ್ಕೋರು ಓದಿ ನಕ್ಕುಬಿಟ್ಟರು.

‘ಹಕ್ಕಿನ ಪಾಠ ಕಲಿಯಾಕ ಹೊಂಟಾಕಿ ನಾನು. ಹೋಗೂಕಿಂತ ಮೊದ್ಲೇ ಪಾದಕ್ಕ ಬೀಳಸ್ತೀರಲ್ರಿ! ಪಾದ ಬ್ಯಾಡ, ಅನುಮತಿ ಸಾಕು.’

ಆ ಸಾಲು ಹೊಡೆದುಹಾಕಿ ಬೇರೆ ಪ್ರತಿ ಬರೆದುಕೊಟ್ಟೆ. ಅನುಮತಿ ಬಂತು. ಅಕ್ಕೋರು ಭಾನುವಾರದ ಬಸ್ಸು ಹಿಡಿಯತೊಡಗಿದರು.

ಎರಡು ತಿಂಗಳಾಗಿರಬೇಕು. ಅಕ್ಕೋರು ಮಕ್ಕಳ ಕೈಯಲ್ಲಿ ಊರಿನ ನಕ್ಷೆ ಬರೆಸಿದರು. ಎಲ್ಲರೂ ಹೋಗಬಹುದಾದ ಜಾಗಕ್ಕೆ ಹಸಿರು, ಕೆಲವರು ಹೊರಗೇ ನಿಲ್ಲಬೇಕಾದ ಜಾಗಕ್ಕೆ ಕೆಂಪು. ಮಕ್ಕಳು ಕಂಡದ್ದನ್ನು ಕಂಡ ಹಾಗೆ ಬಳಿದರು. ಗುಡಿಯ ಮೆಟ್ಟಿಲು ಕೆಂಪು. ಕ್ಷೌರದ ಅಂಗಡಿ ಕೆಂಪು. ಬಸ್ ನಿಲ್ದಾಣದ ಹೋಟೆಲು ಕಡುಗೆಂಪು. ಆ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಕೇರಿಯವರಿಗೆಂದೇ ಬೇರೆ ಗ್ಲಾಸುಗಳಿದ್ದವು. ಅವರೇ ತೊಳೆದುಕೊಂಡು, ಹೊರಗೇ ನಿಂತು ಕುಡಿದು, ಮತ್ತೆ ಗೂಡಿನಲ್ಲಿ ಇಡಬೇಕಿತ್ತು. ನಕ್ಷೆಯನ್ನು ಶಾಲೆಯ ಗೋಡೆಗೆ ಅಂಟಿಸಿದರು.

ಆ ಹೋಟೆಲು ನಮ್ಮ ಬೀಗರದು. ನನ್ನ ಮಗಳನ್ನು ಆ ಮನೆಗೇ ಕೊಟ್ಟಿದ್ದೆ.

ಬೀಗರು ಮರದ ಕೆಳಗೆ ಬಂದವರೇ ಹಾರಾಡಿದರು. ‘ನನ್ನ ಹೋಟ್ಲಿಗೆ ಕೆಂಪು ಬಳದಾರ್ರೀ, ಕುರಿ ಕಡಿಯೋ ಜಾಗಕ್ಕ ಬಳದಂಗ! ಆಕಿ ರಾಯಚೂರಿಗಿ ಹೋಗಿ ಇದನ್ನೇ ಕಲ್ತು ಬರ್ತಾಳ. ಒಂದು ಮೂಕರ್ಜಿ ಬಿಡ್ರಿ ಬೀಗರ, ಆಕಿ ಬಸ್ಸು ನಿಲ್ಲಬೇಕು.’

ಮೂಕರ್ಜಿ ಎಂದರೆ ಹೆಸರು ಹಾಕದ ದೂರು. ನಮ್ಮ ಕಸುಬಿನಲ್ಲಿ ಅದಕ್ಕೆ ಬೇರೆಯೇ ಕೈ ಬೇಕು. ನಾನು ಎಡಗೈಯಲ್ಲಿ ಬರೆಯುವುದನ್ನು ರೂಢಿಸಿಕೊಂಡಿದ್ದೆ. ಮಗಳ ಮುಖ ನೆನಪಾಯಿತು, ಬೀಗರಿಗೆ ಇಲ್ಲ ಅನ್ನಲಾಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳುವುದಿಲ್ಲ. ಬರೆಯುವಾಗ ನನಗೆ ಖುಷಿಯಾಗಿತ್ತು, ಅದೇ ನಿಜ. ಶನಿವಾರ ಮಧ್ಯಾಹ್ನವೇ ಶಾಲೆ ಬಿಟ್ಟು ಹೋಗುತ್ತಾರೆ, ಮಕ್ಕಳಿಗೆ ಪಾಠವಿಲ್ಲ, ತರಬೇತಿಯ ಹೆಸರಿನಲ್ಲಿ ಜಾತಿ ಜಾತಿಯ ನಡುವೆ ಬೆಂಕಿ ಹಚ್ಚುತ್ತಿದ್ದಾರೆ, ಇದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ... ಎಂದು ಬರೆದೆ. ಆ ಶಾಲೆಯ ಹೊಸ್ತಿಲನ್ನು ನಾನು ಒಂದು ಸಲವೂ ತುಳಿದಿರಲಿಲ್ಲ.

ಮೂಕರ್ಜಿ ಕೆಲಸ ಮಾಡಿತು. ವಿಚಾರಣೆ ಆಯಿತು. ಊರಿನಲ್ಲಿ ಯಾರೂ ಅಕ್ಕೋರ ಪರ ಬಾಯಿ ಬಿಡಲಿಲ್ಲ. ಅನುಮತಿ ರದ್ದಾಯಿತು, ಸೀಟು ಹೋಯಿತು, ಮಾನ್ವಿ ತಾಲೂಕಿಗೆ ವರ್ಗವೂ ಆಯಿತು. ಹೋಗುವ ದಿನ ಮರದ ಹತ್ತಿರ ಬಂದು ನಿಂತರು. ನಾನು ಯಾರದೋ ಅರ್ಜಿಗೆ ಕಾಗದ ಮಡಚುತ್ತಿದ್ದೆ. ಅಕ್ಕೋರು ನನ್ನ ಕೈಯನ್ನೇ ನೋಡಿದರು. ‘ಬರ್ತೀನ್ರಿ’ ಅಂದು ಹೊರಟರು. ನಾನು ಮಡಿಕೆಯನ್ನು ಉಗುರಿನಿಂದ ತೀಡುತ್ತಲೇ ಇದ್ದೆ.

ರಾಯಚೂರಿಗೆ ಹೋಗಿಬರುವವರು ಆಮೇಲೆ ಒಂದು ಸುದ್ದಿ ಹೇಳಿದರು. ಅಕ್ಕೋರು ಮಾನ್ವಿಯಿಂದಲೂ ಭಾನುವಾರ ತಪ್ಪಿಸುತ್ತಿರಲಿಲ್ಲವಂತೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಪರೀಕ್ಷೆ ಇಲ್ಲ, ಸರ್ಟಿಫಿಕೇಟು ಇಲ್ಲ. ಕಲಿಸುವವರನ್ನು ಕೇಳಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತು ವರ್ಷಪೂರ್ತಿ ಬರೆದುಕೊಂಡರಂತೆ. ಅದನ್ನು ಕೇಳಿಯೂ ನಾನು ಕಸುಬು ಬಿಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಮಾನ್ವಿಯಲ್ಲಿ ಭಾನುವಾರಗಳಂದು ಹೆಣ್ಣುಮಕ್ಕಳಿಗೆ ಹಕ್ಕುಗಳ ತರಬೇತಿ ನಡೆಸುತ್ತಿದ್ದೇನೆ, ತಾವು ಒಂದು ದಿನ ಬಂದು ಅರ್ಜಿ ಬರೆಯುವುದನ್ನು ಕಲಿಸಿಕೊಡಬೇಕು. ಕೆಳಗೆ ಅಕ್ಕೋರ ಸಹಿ. ಗೊತ್ತಿಲ್ಲದೆ ಕರೆದಿದ್ದಾರೆ ಎಂದುಕೊಂಡೆ. ಹೋಗದಿದ್ದರೆ ಅನುಮಾನ ಬಂದೀತೆಂದು ಹೋದೆ.

ಅಕ್ಕಿ ಗಿರಣಿಯೊಂದರ ಪಕ್ಕದ ಕೋಣೆ, ಕಿಟಕಿಯಿಂದ ತೌಡಿನ ಧೂಳು ಒಳಗೆ ಬರುತ್ತಿತ್ತು. ಇಪ್ಪತ್ತು ಹೆಣ್ಣುಮಕ್ಕಳಿದ್ದರು. ನಾಟಿ ಮಾಡುವವರು, ಕುರಿ ಕಾಯುವ ಮನೆಯವರು, ಸಂತೆಯಲ್ಲಿ ಬಳೆ ಮಾರುವ ಮುಸ್ಲಿಂ ತಾಯಂದಿರು. ಎಲ್ಲರೂ ಒಂದೇ ಜಮಖಾನೆಯ ಮೇಲೆ, ಒಂದೇ ತಂಬಿಗೆಯ ನೀರು. ಅಕ್ಕೋರ ತಲೆ ನರೆತಿತ್ತು. ನಾನು ಕಾಗದ ತೆಗೆದು, ರೂಢಿಯಂತೆ ಬಲಕ್ಕೆ ಮಡಚಿದೆ.

‘ನೋಡ್ರವ್ವಾ, ಈ ಮಡಿಕಿ ನೋಡ್ರಿ. ನಮ್ಮ ಕಡಿ ಹಿಂಗ ಮಡಚೋರು ಇವರೊಬ್ಬರೇ’ ಅಂದರು ಅಕ್ಕೋರು.

ನನ್ನ ಕೈ ನಿಂತುಬಿಟ್ಟಿತು. ಎಡಗೈಯಲ್ಲಿ ಬರೆದು ಅಕ್ಷರ ಮುಚ್ಚಿಟ್ಟಿದ್ದೆ. ಮಡಿಕೆ ಮುಚ್ಚಿಡಲು ಮರೆತಿದ್ದೆ.

ಅವಸರದಲ್ಲಿ ಕಾಗದವನ್ನು ಎಡಕ್ಕೆ ತಿರುಗಿಸಿದೆ. ‘ಬ್ಯಾಡ್ರಿ, ನೀವು ಹೆಂಗ ಮಡಚ್ತೀರೋ ಹಂಗೇ ಕಲಸ್ರಿ. ಜಾಗ ಚಲೋ ಅದ’ ಅಂದರು. ಆಮೇಲೆ ಆ ಜಾಗವನ್ನು ಏನು ಮಾಡಬೇಕೆಂದು ಅವರೇ ಹೇಳಿಕೊಟ್ಟರು. ಒಂದೊಂದು ಸಾಲು ಬರೆದ ಮೇಲೆ ಅದರ ಎದುರಿಗೆ, ಅಂಚಿನಲ್ಲಿ, ಅದು ನಾನು ಕಂಡದ್ದೋ ಕೇಳಿದ್ದೋ ಎಂದು ಬರೆಯಬೇಕು. ಕಂಡಿದ್ದರೆ ‘ಕಂಡೆ’, ಕೇಳಿದ್ದರೆ ‘ಕೇಳಿದೆ’. ಎರಡೂ ಅಲ್ಲದಿದ್ದರೆ ಸಾಲನ್ನೇ ಹೊಡೆದುಹಾಕಬೇಕು.

ಬಳೆ ಮಾರುವಾಕೆ ಕೇಳಿದಳು, ‘ನಮ್ಮ ಮನೀ ಗಂಡಸು ಹೇಳಿದ್ದು ಎಲ್ಲಿ ಬರೀಲ್ರಿ ಅಕ್ಕೋರ? ಆತ ಕಂಡಿದ್ದೂ ಇಲ್ಲ, ಕೇಳಿದ್ದೂ ಇಲ್ಲ, ಬರೇ ಹೇಳಿದ್ದೇ!’ ಕೋಣೆ ತುಂಬ ನಗು. ನಾನೂ ನಕ್ಕೆ. ನಗುತ್ತ ನಗುತ್ತ ಕಣ್ಣು ಮಂಜಾದವು...

ಊಟಕ್ಕೆ ಎಲ್ಲರೂ ಎದ್ದಾಗ ಕೇಳಿದೆ, ‘ಯಾವಾಗಿಂದ ಗೊತ್ತದ ಅಕ್ಕೋರ?’

‘ವಿಚಾರಣಿ ದಿನಾನೇ. ಮೇಜಿನ ಆಚಿಗಿತ್ತು ಕಾಗದ. ಓದಾಕ ಕೊಡ್ಲಿಲ್ಲ, ಮಡಿಕಿ ಕಂಡಿತು.’

‘ಮತ್ತ ನನ್ನನ್ಯಾಕ ಕರಿಸಿದ್ರಿ?’

‘ಅರ್ಜಿ ನಿಮಗಿಂತ ಚಲೋ ಯಾರು ಬರೀತಾರ್ರಿ? ಸುಳ್ಳೇ ಅಷ್ಟು ಗಟ್ಟಿ ನಿಂತಿತು. ಖರೇ ಬರದ್ರ ಹೆಂಗ ನಿಂತೀತು ಅಂತ ನೋಡಬೇಕಾಗಿತ್ತು.’

ನಾನು ಬಗ್ಗಿದೆ. ಅವರು ಹಿಂದಕ್ಕೆ ಸರಿದರು. ‘ಪಾದ ಬ್ಯಾಡ ಅಂತ ಅವತ್ತೇ ಹೇಳಿದ್ದೆ. ಒಂದು ಅರ್ಜಿ ಬರೀರಿ. ಆ ಕಾಗದ ಸುಳ್ಳು ಅಂತ, ನಿಮ್ಮ ಹೆಸರು ಹಾಕಿ. ಅದು ಫೈಲಿನಾಗ ಇರೋತನಕ ಸರಕಾರದ ತರಬೇತಿಯೊಳಗ ನನ್ನ ಕಲಿಸಾಕ ಬಿಡೂದಿಲ್ಲ. ನಾನು ನಿವೃತ್ತಿ ಆಗಾಕ ಇನ್ನ ಎರಡು ವರ್ಷ ಅದ.’

ಬರೆಯುತ್ತೇನೆ ಅಂದೆ. ಆ ಎರಡು ವರ್ಷದಲ್ಲಿ ಮೂರು ಸಲ ಬರೆದೆ, ಮೂರು ಸಲ ಹರಿದೆ. ನನ್ನ ಹೆಸರು ಬಂದರೆ ಬೀಗರ ಹೆಸರೂ ಬರುತ್ತಿತ್ತು, ಮಗಳ ಸಂಸಾರ ಅಲ್ಲಿತ್ತು. ಮರದ ಕೆಳಗಿನ ನನ್ನ ಜಾಗವೂ ಇತ್ತು. ಅಕ್ಕೋರು ಮತ್ತೊಮ್ಮೆ ಕೇಳಲಿಲ್ಲ. ನಿವೃತ್ತರಾದರು.

ಆದರೆ ಮಾನ್ವಿಯಿಂದ ಬಂದ ಮೇಲೆ ನಾನು ಒಂದೂ ಮೂಕರ್ಜಿ ಬರೆಯಲಿಲ್ಲ. ಯಾರೇ ಬಂದರೂ ‘ಕಂಡೀಯೋ, ಕೇಳೀಯೋ?’ ಎಂದು ಮೊದಲು ಕೇಳುತ್ತಿದ್ದೆ. ‘ಮುದುಕ ವಕೀಲ ಆಗ್ಯಾನ’ ಎಂದು ಬೈದು ಎಷ್ಟೋ ಜನ ಪಕ್ಕದ ಮರಕ್ಕೆ ಹೋದರು. ಉಳಿದವರಿಗೆ ಬರೆದ ಅರ್ಜಿಗಳು ನಿಂತವು. ಕೆರೆಯ ಕೆಳಗಿನ ಇಬ್ಬರು ದಾಯಾದಿಗಳು, ಅಂಚಿನಲ್ಲಿ ಬರೀ ‘ಕೇಳಿದೆ, ಕೇಳಿದೆ’ ಎಂದೇ ಇರುವುದನ್ನು ನೋಡಿ, ಅರ್ಜಿಯನ್ನು ಅಲ್ಲೇ ಬಿಟ್ಟು ಒಟ್ಟಿಗೆ ಚಹಾ ಕುಡಿಯಲು ಹೋದದ್ದೂ ಉಂಟು. ಅರವತ್ತು ದಾಟಿದ ಮೇಲೆ ನಾನು ಪಡೆದ ವಿದ್ಯೆ ಇದೊಂದೇ. ಒಂದು ದಿನದ ತರಬೇತಿ, ಕಲಿಸಲು ಹೋಗಿ ಕಲಿತು ಬಂದದ್ದು. ಅಕ್ಕೋರು ನನ್ನ ಮೇಲೆ ಒಂದು ಮಾತು ಹೇಳಿದ್ದರೆ ನಾನು ಮುಗಿದುಹೋಗುತ್ತಿದ್ದೆ. ಅದರ ಬದಲು ನನ್ನನ್ನು ಆ ಜಮಖಾನೆಯ ಮೇಲೆ ಕೂರಿಸಿದರು.

ಕಟ್ಟೆಯ ಮೇಲೆ ಆ ಹೆಣ್ಣುಮಗಳು ಕಾಯುತ್ತಿದ್ದಳು. ಈ ತರಬೇತಿ ನಿಮಗೇಕೆ ಬೇಕು ಎಂಬ ಪ್ರಶ್ನೆಗೆ ತನ್ನ ಊರಿನ ನಾಲ್ಕು ಸಂಗತಿ ಬರೆದಿದ್ದಳು. ಬಲಗಡೆ ಅಂಚಿನಲ್ಲಿ ಸಣ್ಣ ಅಕ್ಷರ. ಕಂಡೆ. ಕಂಡೆ. ಕೇಳಿದೆ. ಕಂಡೆ.

‘ತಪ್ಪೇನಿಲ್ಲವ್ವಾ. ಅಕ್ಕೋರು ಹೆಂಗದಾರ?’

‘ಹೋಗಿ ಎರಡು ವರ್ಷ ಆತಲ್ರಿ ಅಜ್ಜಾರ... ನಿಮಗ ಗೊತ್ತಿರಲಿಲ್ಲೇನ್ರಿ?’ ಕಾಗದ ಮಡಚಿಕೊಳ್ಳುತ್ತ ಅಂದಳು, ‘ಈ ಮಡಿಕಿ ದೇವದುರ್ಗದ ಒಬ್ಬ ಗುರುಗಳದ್ದು ಅಂತ ಹೇಳ್ತಿದ್ರು. ಹೆಸರು ಮಾತ್ರ ಹೇಳಲಿಲ್ರಿ.’

ಕೊನೆಯವರೆಗೂ ಹೇಳಲಿಲ್ಲ.

ಆ ಸಂಜೆ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳ ಮಾವ ಈಗಿಲ್ಲ, ಗೂಡಿನ ಗ್ಲಾಸುಗಳೂ ಇಲ್ಲ. ಎಲ್ಲ ಕೇಳಿ ಮಗಳು ‘ಇಷ್ಟು ವರ್ಷ ಒಳಗ ಇಟ್ಕೊಂಡು ಕುಂತಿದ್ದೇನ ಯಪ್ಪಾ? ಬರಿ’ ಅಂದಳು.

ಮರುದಿನ ಬರೆದೆ. ಬಲಕ್ಕೆ ಮಡಚಿ, ಬಲಗೈಯಿಂದ. ಶಿಕ್ಷಣ ಇಲಾಖೆಯ ಕಚೇರಿಗೆ ಒಯ್ದೆ. ಅಲ್ಲಿಯ ಹುಡುಗಿ ಓದಿ ನನ್ನ ಮುಖ ನೋಡಿದಳು. ‘ಯಜಮಾನ್ರ, ಈ ಅಮ್ಮನೇ ಇಲ್ಲ. ಫೈಲ್ ಯಾವ ಮೂಲ್ಯಾಗ ಅದನೋ. ಈಗ ಇದು ಯಾರಿಗ್ರಿ?’ ತೆಗೆದುಕೊಂಡು ಠಸ್ಸೆ ಒತ್ತಿದರೆ ಸಾಕು ಅಂದೆ. ಒತ್ತಿದಳು.

ಆ ಅರ್ಜಿಯಲ್ಲಿ ಒಂಬತ್ತು ಸಾಲುಗಳಿದ್ದವು, ಒಂಬತ್ತೂ ನಾನೇ ಮಾಡಿದ್ದು. ಅಂಚಿನಲ್ಲಿ ‘ಕಂಡೆ’ ಎಂದಾಗಲಿ ‘ಕೇಳಿದೆ’ ಎಂದಾಗಲಿ ಒಂದು ಕಡೆಯೂ ಬರೆಯಲಿಲ್ಲ. ಸಾಹೇಬರ ಕಲಮಿಗೆಂದು ಚಾಚಾ ಬಿಡಿಸುತ್ತಿದ್ದ ಜಾಗದಲ್ಲಿ, ಒಂಬತ್ತೂ ಸಾಲುಗಳ ಎದುರಿಗೆ, ಒಂದೊಂದಾಗಿ ನನ್ನ ಹೆಸರು ಬರೆದಿದ್ದೆ.